ಒಂದು ನಿಮಿಷದ ಹಾರಾಟಕ್ಕೆ ಎಷ್ಟು ರೂಪಾಯಿ?



ಕಳೆದ ವರ್ಷ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಕಾಗದದ ವಿಮಾನದ ರೆಕ್ಕೆಯ ಹಿಂಬದಿಯನ್ನು ಸ್ವಲ್ಪ ಮಡಿಚಿದರೆ ಅದು ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ತೋರಿಸುತ್ತಿದ್ದೆ. ಏಳನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, “ಸರ್, ನಿಜವಾದ ವಿಮಾನ ಓಡಿಸೋಕೆ ಕಲೀಬೇಕಂದ್ರೆ ಎಷ್ಟು ದುಡ್ಡು ಬೇಕು?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು, “ಮೊದಲು ಚೆನ್ನಾಗಿ ಓದು, ಆಮೇಲೆ ನೋಡೋಣ” ಎಂದು ಹೇಳಿ ಅವಳನ್ನು ಕೂರಿಸಿದೆ.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೇ ಸರಿಯೆನಿಸಲಿಲ್ಲ. ಅವಳು ಕೇಳಿದ್ದು ಲೆಕ್ಕದ ಪ್ರಶ್ನೆ, ನಾನು ಕೊಟ್ಟದ್ದು ಬುದ್ಧಿವಾದ. ಅವಳಿಗೆ ಅಂದೇ ಹೇಳಬೇಕಾಗಿದ್ದ ಲೆಕ್ಕವನ್ನು ಈಗ ನಿಮ್ಮೆಲ್ಲರ ಮುಂದೆ ಇಡುತ್ತೇನೆ. ಪೆನ್ಸಿಲ್ಲು, ಕಾಗದ ತೆಗೆದುಕೊಳ್ಳಿ.

ಇನ್ನೂರು ಗಂಟೆ

ಸಂಬಳ ಪಡೆದು ವಿಮಾನ ನಡೆಸಬೇಕಾದರೆ ವಾಣಿಜ್ಯ ಪೈಲಟ್ ಲೈಸೆನ್ಸ್ ಇರಬೇಕು. ನಮ್ಮ ದೇಶದಲ್ಲಿ ಇದನ್ನು ಕೊಡುವುದು ಡಿಜಿಸಿಎ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಲೈಸೆನ್ಸ್ ಪಡೆಯಲು 18 ವರ್ಷ ತುಂಬಿರಬೇಕು. 12ನೆಯ ತರಗತಿಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಓದಿರಬೇಕೆಂಬುದು 1990ರ ದಶಕದಿಂದ ನಡೆದುಬಂದ ನಿಯಮ. ಇದನ್ನು ಸಡಿಲಿಸುವ ಬಗ್ಗೆ 2025ರಲ್ಲಿ ಚರ್ಚೆ ನಡೆಯಿತು. ನಿಯಮ ಏನೇ ಆಗಲಿ, ಆ ಎರಡು ವಿಷಯಗಳಿಲ್ಲದೆ ಪೈಲಟ್‌ನ ಕೆಲಸ ನಡೆಯದು. ಏಕೆಂಬುದನ್ನು ಮುಂದೆ ನೋಡೋಣ.

ವಾಯುಯಾನದ ದಿಕ್ಕು-ದೂರದ ಲೆಕ್ಕ, ಹವಾಮಾನ, ವಿಮಾನದ ರಚನೆ, ಆಕಾಶ ಸಂಚಾರದ ನಿಯಮಗಳು ಹೀಗೆ ಹಲವು ಪರೀಕ್ಷೆಗಳಿವೆ. ನೂರಕ್ಕೆ 70 ಅಂಕ ಬಂದರೆ ಮಾತ್ರ ಪಾಸು. ಇದರ ಜೊತೆಗೆ 200 ಗಂಟೆ ಹಾರಾಟ. ಮೊದಮೊದಲು ಪಕ್ಕದಲ್ಲಿ ಬೋಧಕರು ಕುಳಿತಿರುತ್ತಾರೆ. ಒಂದು ದಿನ ಅವರು ಕೆಳಗಿಳಿದು, “ಈಗ ನೀನೊಬ್ಬನೇ ಹೋಗಿ ಒಂದು ಸುತ್ತು ಬಾ” ಎನ್ನುತ್ತಾರೆ. ಆ ದಿನವನ್ನು ಯಾವ ಪೈಲಟ್ಟೂ ಮರೆಯುವುದಿಲ್ಲವಂತೆ. 200 ಗಂಟೆಗಳಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ಕಲಿಯುವವರದೇ ಆಗಿರಬೇಕು. ಒಂದು ಪ್ರಯಾಣವಂತೂ 300 ನಾಟಿಕಲ್ ಮೈಲಿಗಿಂತ ಕಡಿಮೆ ಇರಬಾರದು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಹಾಗಾದರೆ 300 ನಾಟಿಕಲ್ ಮೈಲಿ ಎಷ್ಟು ಕಿಲೋಮೀಟರ್? ನೀವೇ ಗುಣಿಸಿ ನೋಡಿ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಈ ತರಬೇತಿಗೆ ನಮ್ಮ ದೇಶದಲ್ಲಿ ಇಂದು ಸುಮಾರು 40 ಲಕ್ಷದಿಂದ 60 ಲಕ್ಷ ರೂಪಾಯಿ ಬೇಕಾಗುತ್ತದೆ. ಕಡಿಮೆಯೆಂದರೆ 40 ಲಕ್ಷ ಎಂದುಕೊಳ್ಳೋಣ. ಅದನ್ನು 200 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 20,000 ರೂಪಾಯಿ. 60ರಿಂದ ಭಾಗಿಸಿದರೆ ನಿಮಿಷಕ್ಕೆ 333 ರೂಪಾಯಿ! ನೀವು ಈ ಪುಟ ಓದಿ ಮುಗಿಸುವಷ್ಟರಲ್ಲಿ ಸಾವಿರಾರು ರೂಪಾಯಿ ಹಾರಿಹೋಗಿರುತ್ತದೆ.

ಇಷ್ಟೇಕೆ ದುಬಾರಿ?

ಕಲಿಕೆಗೆ ಬಳಸುವುದು ದೊಡ್ಡ ವಿಮಾನವನ್ನಲ್ಲ. ಸೆಸ್ನಾ 172 ಎಂಬ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ, ಮೂಗಿನ ಮೇಲೆ ಪಂಖವಿರುವ ಚಿಕ್ಕ ವಿಮಾನ ಜಗತ್ತಿನ ಅನೇಕ ಶಾಲೆಗಳಲ್ಲಿದೆ. ಅದು ಗಂಟೆಗೆ ಸುಮಾರು 35 ಲೀಟರ್ ಇಂಧನ ಉರಿಸುತ್ತದೆ. 200 ಗಂಟೆಗೆ 7,000 ಲೀಟರ್ ಆಯಿತು. ಈ ಇಂಧನ ಬೈಕಿಗೆ ಹಾಕುವ ಪೆಟ್ರೋಲಲ್ಲ, ಜೆಟ್ ವಿಮಾನಗಳಿಗೆ ಹಾಕುವ ಸೀಮೆಎಣ್ಣೆ ಜಾತಿಯ ಇಂಧನವೂ ಅಲ್ಲ. ಇದು ಏವ್‌ಗ್ಯಾಸ್ ಎಂಬ ಬೇರೆಯೇ ಬಗೆಯ ಪೆಟ್ರೋಲು. ಇದನ್ನು ಹೊರದೇಶಗಳಿಂದ ತರಿಸುತ್ತಿದ್ದರು. ಇಂಡಿಯನ್ ಆಯಿಲ್ ಸಂಸ್ಥೆ ಇಲ್ಲಿಯೇ ತಯಾರಿಸಿದ ಏವ್‌ಗ್ಯಾಸನ್ನು 2022ರಲ್ಲಿ ಮಾರಾಟಕ್ಕೆ ತಂದಿತು.

ಇನ್ನೊಂದು ಖರ್ಚು ಕಣ್ಣಿಗೆ ಕಾಣದು. ಟ್ರ್ಯಾಕ್ಟರಿನ ಎಂಜಿನ್ ಕೆಟ್ಟರೆ ರಸ್ತೆ ಪಕ್ಕದಲ್ಲಿ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನು ಮಾಡಬಹುದು. ಆಕಾಶದಲ್ಲಿ ರಸ್ತೆ ಪಕ್ಕ ಎಂಬುದಿಲ್ಲ! ಆದ್ದರಿಂದ ವಿಮಾನವನ್ನು ಕೆಡುವ ಮುನ್ನವೇ ರಿಪೇರಿ ಮಾಡುತ್ತಾರೆ. ನೂರು ಗಂಟೆ ಹಾರಿದರೆ ಒಂದು ತಪಾಸಣೆ, ಸುಮಾರು 2,000 ಗಂಟೆಗೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸುವುದು. ಚೆನ್ನಾಗಿರುವ ಭಾಗವನ್ನೂ ಅವಧಿ ಮುಗಿದರೆ ಬದಲಿಸಲೇಬೇಕು. ವಿಮಾನ, ಬಿಡಿಭಾಗ, ಬೋಧಕರ ಸಂಬಳ, ವಿಮೆ ಎಲ್ಲವೂ ಆ 333 ರೂಪಾಯಿಯೊಳಗೆ ಸೇರಿವೆ.

ಗಾಳಿ ಮಾಡುವ ಲೆಕ್ಕ

ಗಣಿತ ಏಕೆ ಬೇಕು ಎಂದೆನಲ್ಲ, ಒಂದು ಲೆಕ್ಕ ಮಾಡಿ. ನಿಮ್ಮ ವಿಮಾನದ ವೇಗ ಗಂಟೆಗೆ 180 ಕಿಲೋಮೀಟರ್. ಹೋಗಬೇಕಾದ ಊರು 360 ಕಿಲೋಮೀಟರ್ ದೂರ. ಗಾಳಿ ಇಲ್ಲದಿದ್ದರೆ ಹೋಗಲು 2 ಗಂಟೆ, ಬರಲು 2 ಗಂಟೆ, ಒಟ್ಟು 4.

ಈಗ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಎದುರಿನಿಂದ ಬೀಸುತ್ತಿದೆ ಎನ್ನಿ. ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ, ಒಟ್ಟು ಅದೇ 4 ಗಂಟೆ ಎನ್ನುವಿರಾ? ಬಹುಪಾಲು ಜನ ಹಾಗೆಯೇ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಹೋಗುವಾಗ ನೆಲದ ಮೇಲಿನ ವೇಗ 120, ಆದ್ದರಿಂದ 3 ಗಂಟೆ. ಬರುವಾಗ 240, ಆದ್ದರಿಂದ ಒಂದೂವರೆ ಗಂಟೆ. ಒಟ್ಟು ನಾಲ್ಕೂವರೆ! ಎದುರು ಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚಾದ್ದರಿಂದ ಗಾಳಿ ಕಸಿದುಕೊಂಡಷ್ಟನ್ನು ಹಿಂದಕ್ಕೆ ಕೊಡುವುದಿಲ್ಲ. ಈ ಅರ್ಧ ಗಂಟೆಗೆ ಸುಮಾರು 17 ಲೀಟರ್ ಇಂಧನ ಹೆಚ್ಚು ಬೇಕು. ತರಬೇತಿಯ ದರದಲ್ಲಿ 10,000 ರೂಪಾಯಿ. ರೂಪಾಯಿಯನ್ನು ಹೇಗೋ ಹೊಂದಿಸಬಹುದು, ಆದರೆ ಇಂಧನದ ಲೆಕ್ಕ ತಪ್ಪಿದವರಿಗೆ ಆಕಾಶದಲ್ಲಿ ಬಂಕ್ ಸಿಗುವುದಿಲ್ಲ.

ಹಣ ಕಟ್ಟುವ ಮೊದಲು ಕಣ್ಣು

ಕನ್ನಡಕ ಹಾಕುವವರು ಪೈಲಟ್ ಆಗುವಂತಿಲ್ಲ ಎಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಕನ್ನಡಕ ಹಾಕಿದಾಗ ದೃಷ್ಟಿ ಸರಿಯಾಗಿ, ನಿಗದಿತ ಮಿತಿಯೊಳಗಿದ್ದರೆ ನಾಗರಿಕ ವಿಮಾನಗಳಿಗೆ ಅಡ್ಡಿಯಿಲ್ಲ. ಬಣ್ಣಗಳನ್ನು ಗುರುತಿಸುವುದು ಮಾತ್ರ ಮುಖ್ಯ. ರನ್‌ವೇ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪಗಳಿರುತ್ತವೆ. ಇಳಿಯುವ ಪೈಲಟ್‌ಗೆ ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿಯಿದೆ. ನಾಲ್ಕೂ ಬಿಳಿಯಾದರೆ ತೀರ ಮೇಲಿದ್ದಾನೆ. ನಾಲ್ಕೂ ಕೆಂಪಾದರೆ ತೀರ ಕೆಳಗಿದ್ದಾನೆ, ಅಪಾಯ. ಕೆಂಪು ಬಿಳಿ ಗೊತ್ತಾಗದವರ ಗತಿಯೇನು? ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಬಣ್ಣಗುರುಡಿನ ಪರೀಕ್ಷೆಯನ್ನು ಕಣ್ಣಿನ ವೈದ್ಯರು ಚುಕ್ಕಿಗಳ ಪುಸ್ತಕವೊಂದನ್ನು ತೋರಿಸಿ ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ.

ಕನ್ನಡ ಮಾಧ್ಯಮದವರ ಕೈಲಾಗುತ್ತದೆಯೇ ಎಂದೂ ಕೇಳುತ್ತಾರೆ. ಪರೀಕ್ಷೆಗಳು, ರೇಡಿಯೋ ಮಾತು ಇಂಗ್ಲಿಷಿನಲ್ಲಿಯೇ ಇರುತ್ತವೆ. ಆದರೆ ರೇಡಿಯೋದ ಇಂಗ್ಲಿಷು ಕಥೆ ಹೇಳುವ ಇಂಗ್ಲಿಷಲ್ಲ. ಚಿಕ್ಕ ಚಿಕ್ಕ, ಗೊತ್ತುಮಾಡಿದ ಮಾತುಗಳು. ಅಭ್ಯಾಸದಿಂದ ಬರುತ್ತದೆ.

ಲೈಸೆನ್ಸ್ ಬಂದ ಮೇಲೆ

ಇದನ್ನು ಜಾಹೀರಾತುಗಳು ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಚಿಕ್ಕ ವಿಮಾನ ಕಲಿತವರು ನೇರವಾಗಿ ದೊಡ್ಡ ಏರ್‌ಬಸ್ಸನ್ನು ಹಾರಿಸುವಂತಿಲ್ಲ. ಪ್ರತಿ ಬಗೆಯ ದೊಡ್ಡ ವಿಮಾನಕ್ಕೂ ಬೇರೆ ತರಬೇತಿ ಬೇಕು. ಇದಕ್ಕೆ ಟೈಪ್ ರೇಟಿಂಗ್ ಎಂದು ಹೆಸರು. ನೆಲದ ಮೇಲೆಯೇ ನಿಂತು ಆಕಾಶದಲ್ಲಿರುವಂತೆ ಅಲುಗಾಡುವ ಸಿಮ್ಯುಲೇಟರ್ ಎಂಬ ಯಂತ್ರದಲ್ಲಿ ಇದನ್ನು ಕಲಿಸುತ್ತಾರೆ. ಇಂತಹ ಯಂತ್ರಗಳು ಬೆಂಗಳೂರಿನಲ್ಲಿಯೂ ಇವೆ. ಇದಕ್ಕೆ ಮತ್ತೆ 12ರಿಂದ 20 ಲಕ್ಷ ಬೇಕಾಗಬಹುದು. ಅನಂತರ ಕೆಲಸ ಸಿಕ್ಕರೆ ಸಹಪೈಲಟ್. ಆರಂಭದಲ್ಲಿ ತಿಂಗಳಿಗೆ ಒಂದರಿಂದ ಎರಡೂವರೆ ಲಕ್ಷ ರೂಪಾಯಿ ಸಂಬಳ. ಕನಿಷ್ಠ 1,500 ಗಂಟೆ ಹಾರಿ, ಮತ್ತಷ್ಟು ಪರೀಕ್ಷೆ ಪಾಸಾದರೆ ಕ್ಯಾಪ್ಟನ್ ಆಗುವ ದಾರಿ ತೆರೆಯುತ್ತದೆ. ಕ್ಯಾಪ್ಟನ್ ಸಂಬಳ ಇದರ ಹಲವು ಪಟ್ಟು.

ಆದರೆ “ಸಿಕ್ಕರೆ” ಎಂದೆ, ಗಮನಿಸಿದಿರಾ? 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳನ್ನು ಕೊಳ್ಳುವುದಾಗಿ ಹೇಳಿದವು. ವಿಮಾನಗಳು ಬಂದರೆ ಪೈಲಟ್‌ಗಳೂ ಬೇಕು. ಅದೇ ವರ್ಷ ದೇಶದಲ್ಲಿ 1,600ಕ್ಕೂ ಹೆಚ್ಚು ಹೊಸ ಲೈಸೆನ್ಸುಗಳು ಹೊರಬಂದವು. ಅವರೆಲ್ಲರಿಗೂ ಆ ವರ್ಷವೇ ಕೆಲಸ ಸಿಗುವುದಿಲ್ಲ. ಕಂಪನಿಗಳಿಗೆ ಹೆಚ್ಚಾಗಿ ಬೇಕಿರುವುದು ಅನುಭವವಿರುವ ಕ್ಯಾಪ್ಟನ್‌ಗಳು. ಕಂಪನಿಗಳೇ ಮುಚ್ಚಿಹೋಗುವುದೂ ಉಂಟು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. 2020ರ ಕೊರೊನಾ ಕಾಲದಲ್ಲಿ ದೇಶದೊಳಗಿನ ಪ್ರಯಾಣಿಕ ವಿಮಾನಗಳು ಎರಡು ತಿಂಗಳು ನೆಲಬಿಟ್ಟು ಮೇಲೇಳಲಿಲ್ಲ.

ಕಾಯುವ ಕಾಲದಲ್ಲಿ ಸಾಲಕ್ಕೆ ಬಡ್ಡಿ ಏರುತ್ತಿರುತ್ತದೆ. ನೀವು ಕಲಿತ ಸರಳ ಬಡ್ಡಿಯ ಸೂತ್ರವನ್ನೇ ಬಳಸಿ. 50 ಲಕ್ಷಕ್ಕೆ ಶೇಕಡ 10ರಂತೆ ವರ್ಷಕ್ಕೆ 5 ಲಕ್ಷ, ತಿಂಗಳಿಗೆ 41,000ಕ್ಕೂ ಹೆಚ್ಚು. ಎರಡು ವರ್ಷ ಕೆಲಸವಿಲ್ಲದಿದ್ದರೆ 10 ಲಕ್ಷ. ನನ್ನ ಪರಿಚಯದ ಮನೆಯೊಂದರಲ್ಲಿ ಮಗನ ತರಬೇತಿಗೆ ಇದ್ದ ಸೈಟನ್ನು ಅಡವಿಟ್ಟರು. ಅವನು ಸೇರಿದ ಶಾಲೆಯಲ್ಲಿ ವಿಮಾನಗಳಿಗಿಂತ ವಿದ್ಯಾರ್ಥಿಗಳು ಬಹಳ ಹೆಚ್ಚು. ಒಂದೂವರೆ ವರ್ಷದ ತರಬೇತಿ ಮೂರೂವರೆ ವರ್ಷ ಹಿಡಿಯಿತು. ಈಗ ಅವನು ಹಾರುತ್ತಿದ್ದಾನೆ. ಅವನ ತಂದೆ ನನ್ನಲ್ಲಿ ಹೇಳಿದ್ದು ಒಂದೇ ಮಾತು: “ಸೇರೋ ಮುಂಚೆ, ಹಾರೋ ಸ್ಥಿತೀಲಿ ಎಷ್ಟು ವಿಮಾನ ಇವೆ ಅಂತ ಕೇಳ್ಬೇಕಿತ್ತು ಮೇಷ್ಟ್ರೇ.”

ಬೇರೆ ದಾರಿಗಳು

ಹಣವಿಲ್ಲದವರಿಗೆ ಬಾಗಿಲು ಮುಚ್ಚಿದೆಯೇ? ಪೂರ್ತಿ ಮುಚ್ಚಿಲ್ಲ. ವಾಯುಪಡೆಯಲ್ಲಿ ತರಬೇತಿಗೆ ಒಂದು ಪೈಸೆಯೂ ಕೊಡಬೇಕಿಲ್ಲ. 12ನೆಯ ತರಗತಿ ಓದುವಾಗಲೇ ಎನ್‌ಡಿಎ ಪರೀಕ್ಷೆ ಬರೆಯಬಹುದು. 2022ರಿಂದ ಹೆಣ್ಣುಮಕ್ಕಳೂ ಅಲ್ಲಿಗೆ ಸೇರುತ್ತಿದ್ದಾರೆ. ಯುದ್ಧವಿಮಾನ ಕಲಿಯುವವರು ಹಾಕ್ ಎಂಬ ಜೆಟ್ ವಿಮಾನದಲ್ಲಿ ತರಬೇತಿ ಪಡೆಯುವುದು ನಮ್ಮ ಬೀದರಿನಲ್ಲಿಯೇ. ಸ್ಥಾನಗಳು ಬಹಳ ಕಡಿಮೆ, ಕಣ್ಣಿನ ನಿಯಮಗಳು ಇನ್ನೂ ಬಿಗಿ, ಮತ್ತು ಅದು ಸೈನಿಕನ ಬದುಕು ಎಂಬುದನ್ನು ತಿಳಿದೇ ಹೋಗಬೇಕು. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೆ ಆರನೆಯ ಮತ್ತು ಒಂಬತ್ತನೆಯ ತರಗತಿಗೆ ಪ್ರವೇಶ ಪರೀಕ್ಷೆ ಇರುತ್ತದೆ. ಎಂಟರಲ್ಲಿರುವವರು ನಿಮ್ಮ ಶಿಕ್ಷಕರನ್ನು ಇಂದೇ ಕೇಳಿ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಸೈನಿಕ ಮಾದರಿಯ ವಸತಿ ಶಾಲೆಯಿದೆ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಪೈಲಟ್ ತರಬೇತಿಯೂ ಸೇರಿದೆ. ಕೆಲವೇ ಮಂದಿಗೆ ಇದು ಗೊತ್ತು. ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದ ಕೊನೆಯಲ್ಲಿ ಆರಂಭವಾದ ನಮ್ಮ ರಾಜ್ಯ ಸರ್ಕಾರದ್ದೇ ವಿಮಾನ ತರಬೇತಿ ಶಾಲೆಯಿದೆ. 2021ರಲ್ಲಿ ಬೆಳಗಾವಿ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳೂ ತರಬೇತಿ ಶಾಲೆಗಳಿಗಾಗಿ ಆಯ್ಕೆಯಾದವು.

ಇನ್ನು, ಹುಡುಗಿ ಎಂದು ತರಗತಿ ನಕ್ಕಿತಲ್ಲ, ಅದಕ್ಕೊಂದು ಉತ್ತರ. 1936ರಲ್ಲಿಯೇ ಸರಳಾ ಥಕ್ರಾಲ್ ಅವರು 21ನೆಯ ವಯಸ್ಸಿನಲ್ಲಿ ವಿಮಾನ ಹಾರಿಸುವ ಲೈಸೆನ್ಸ್ ಪಡೆದರು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 16,000 ಕಿಲೋಮೀಟರ್ ಕ್ರಮಿಸಿ ಬೆಂಗಳೂರಿಗೆ ಬಂದಿಳಿದರು.

ಕಳೆದ ತಿಂಗಳು ಮತ್ತೆ ಆ ಶಾಲೆಗೆ ಹೋಗಿದ್ದೆ. 40 ಲಕ್ಷ, 333 ರೂಪಾಯಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೆ. ಯಾರೂ ನಗಲಿಲ್ಲ. ಗಾಳಿಯ ಲೆಕ್ಕ ಕೊಟ್ಟಾಗ ಅವಳು ಮೊದಲು “ನಾಲ್ಕು ಗಂಟೆ” ಎಂದಳು. ಆಮೇಲೆ ಬರೆದು ನೋಡಿ, ಒರೆಸಿ, “ನಾಲ್ಕೂವರೆ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳದೇ ಇನ್ನೊಂದು ಪ್ರಶ್ನೆ ಬಂತು: “ಸರ್, ಗಾಳಿ ಅಡ್ಡದಿಂದ ಬೀಸಿದ್ರೆ?”

ಇದನ್ನು ನೀವೂ ಪ್ರಯತ್ನಿಸಿ. ಚೌಕುಳಿ ಹಾಳೆಯ ಮೇಲೆ ಉತ್ತರಕ್ಕೆ 18 ಮನೆ ಎಣಿಸಿ ಗೆರೆ ಎಳೆಯಿರಿ. ಅದು ಒಂದು ಗಂಟೆಯ ಹಾರಾಟ. ಅದರ ತುದಿಯಿಂದ ಪೂರ್ವಕ್ಕೆ 6 ಮನೆ ಎಳೆಯಿರಿ. ಅದು ಅದೇ ಒಂದು ಗಂಟೆಯಲ್ಲಿ ಗಾಳಿ ತಳ್ಳಿದ ದೂರ. ವಿಮಾನ ಎಲ್ಲಿಗೆ ತಲುಪಿತು ನೋಡಿ. ನೇರ ಉತ್ತರದ ಊರಿಗೇ ತಲುಪಬೇಕಾದರೆ ಮೂಗನ್ನು ಯಾವ ಕಡೆಗೆ ತಿರುಗಿಸಿ ಹಾರಬೇಕಿತ್ತು?