ಸಂಘದ ಮಾತು ಸದಸ್ಯರಿಗೆ, ಸದಸ್ಯರ ಮಾತು ಸಂಘಕ್ಕೆ

ಕಾಫಿ ಅಡಿಕೆಯವರ ಈ ಪತ್ರಿಕೆಯಲ್ಲಿ ಕಬ್ಬಿನ ಸೀಮೆಯ ಹಿಪ್ಪರಗಿಯ ಮಾತೇಕೆ ಎಂದು ಬೆಳೆಗಾರ ಬಂಧುಗಳು ಕೇಳಬಹುದು. ಕಾರಣವಿದೆ. ಜಮಖಂಡಿ ಭಾಗದ ಈ ಊರಿನ ಬಳಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಇದೆ. ಮಳೆಗಾಲ ಬಂತೆಂದರೆ ನದಿತೀರದವರು ಅಲ್ಲಿನ ಒಳಹರಿವು, ಹೊರಹರಿವಿನ ಅಂಕಿಗಳಿಗಾಗಿ ಕಾದಿರುತ್ತಾರೆ. ಮಹಾರಾಷ್ಟ್ರದ ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜ್ ದಾಟಿದ್ದೆಷ್ಟು, ಹಿಪ್ಪರಗಿಗೆ ಬಂದದ್ದೆಷ್ಟು ಎಂಬುದೆಲ್ಲ ಈಗ ಮೊಬೈಲಿಗೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಊರುಗಳಿಗೇ ನುಗ್ಗಿದ್ದನ್ನು ಕಂಡವರಿಗೆ ಆ ಅಂಕಿಯ ಬೆಲೆ ಗೊತ್ತು.

ಆದರೆ ಇಷ್ಟು ಲಕ್ಷ ಕ್ಯೂಸೆಕ್ಸ್ ಎಂದರೆ ನಮ್ಮಂಥವರಿಗೆ ಏನು ತಿಳಿದೀತು? ಆ ನೀರು ತನ್ನ ಹೊಲದ ಬದುವಿಗೆ ಯಾವಾಗ ಮುಟ್ಟುತ್ತದೆ, ದನಕರುಗಳನ್ನು ಇಂದೇ ಹೊಡೆದುಕೊಂಡು ಹೋಗಬೇಕೋ ನಾಳೆಗೆ ಸಾಕೋ ಎಂಬುದೇ ರೈತನಿಗೆ ಬೇಕಾದ ಸುದ್ದಿ. ಅದನ್ನು ಹೇಳಬಲ್ಲವನು ಹಿಂದಿನ ನೆರೆಯ ಗುರುತುಗಳನ್ನು ಬಲ್ಲ ಅದೇ ಊರಿನವನು. ದಿನಾಂಕ, ವೇಳೆ ಇಲ್ಲದ ಹಳೆಯ ಸಂದೇಶವೊಂದು ಮತ್ತೆ ಸುತ್ತತೊಡಗಿದರೆ ಅದರಿಂದ ಉಪಕಾರಕ್ಕಿಂತ ಹಾನಿಯೇ ಹೆಚ್ಚು. ಯಂತ್ರ ಅಂಕಿಯನ್ನು ತಂದು ಕೊಡುತ್ತದೆ. ಅದರ ಅರ್ಥವನ್ನು ಊರೇ ಹೇಳಬೇಕು.

ಇದೇ ಸೀಮೆಯ ಹಳೆಯ ಕಥೆಯೊಂದನ್ನು ಇಲ್ಲಿ ಹೇಳದೆ ಇರಲಾರೆವು. ಹಿಪ್ಪರಗಿಯಿಂದ ಕೆಳಗೆ, ಚಿಕ್ಕಪಡಸಲಗಿಯಲ್ಲಿ, ಕೃಷ್ಣಾ ತೀರದ ರೈತ ಸಂಘದವರು 1989ರಲ್ಲಿ ತಾವೇ ಹಣ ಕೂಡಿಸಿ, ಬೆವರು ಸುರಿಸಿ ಬ್ಯಾರೇಜ್ ಕಟ್ಟಿದರು. ಅದು ಶ್ರಮಬಿಂದು ಸಾಗರವೆಂದು ಹೆಸರಾಯಿತು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಆಗ ಮೊಬೈಲ್ ಇರಲಿಲ್ಲ. ಕೊಟ್ಟ ಹಣ ನೀರಾಗಿ ತನ್ನ ಹೊಲಕ್ಕೆ ಬರುತ್ತದೆಂಬ ನಂಬಿಕೆ ರೈತನಿಗಿತ್ತು. ಆ ನಂಬಿಕೆಯಿಲ್ಲದ ಸಂಘಕ್ಕೆ ಯಾವ ಉಪಕರಣ ಕೊಂಡರೂ ದಂಡ.

ಹಾಗೆಂದು ಉಪಕರಣವನ್ನು ಕಡೆಗಣಿಸುವವರು ನಾವಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೋಡಿ. ಅಲ್ಲಿ 2000ದ ದಶಕದ ಆರಂಭದಲ್ಲಿ ವಾಯ್ಸಸ್ ಮತ್ತು ಮೈರಾಡಾ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 'ನಮ್ಮ ಧ್ವನಿ' ಎಂಬ ಕೇಂದ್ರವನ್ನು ತೆರೆದವು. ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತಾದರೂ, ಹಳ್ಳಿಯ ಸಂಘವೊಂದು ರೇಡಿಯೋ ನಡೆಸಲು ಅನುಮತಿ ಇರಲಿಲ್ಲ. ಬೂದಿಕೋಟೆಯವರು ಸುಮ್ಮನೆ ಕೂರಲಿಲ್ಲ. ಊರಿನವರೇ ಮಾತನಾಡಿದ ಕಾರ್ಯಕ್ರಮಗಳನ್ನು ಮುದ್ರಿಸಿ ಮಹಿಳಾ ಸಂಘಗಳ ಸಭೆಯಲ್ಲಿ ಕೇಳಿಸಿದರು. ಆಮೇಲೆ ಟಿವಿಯ ಕೇಬಲ್ ತಂತಿಯಲ್ಲೇ ಮನೆಮನೆಗೆ ಮುಟ್ಟಿಸಿದರು. 2006ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸೇವಾಸಂಸ್ಥೆಗಳಿಗೂ ಸಮುದಾಯ ರೇಡಿಯೋ ಬಾಗಿಲು ತೆರೆಯಿತು. 2008ರಲ್ಲಿ ಆಂಧ್ರದ ಅಂದಿನ ಮೇದಕ್ ಜಿಲ್ಲೆಯಲ್ಲಿ ದಲಿತ ಹೆಣ್ಣುಮಕ್ಕಳೇ ನಡೆಸುವ 'ಸಂಘಂ ರೇಡಿಯೋ' ಶುರುವಾಯಿತು.

ಮಲೆನಾಡಿಗೆ ರೇಡಿಯೋ ಒಗ್ಗೀತೆ? ನಮಗೆ ಅನುಮಾನವಿದೆ. ಸಮುದಾಯ ರೇಡಿಯೋಗೆ ಸಿಗುವುದು 100 ವಾಟಿನ ಆಸುಪಾಸಿನ ಶಕ್ತಿ. ಬಯಲಿನಲ್ಲಿ ಹತ್ತಾರು ಹಳ್ಳಿ ತಲುಪುವ ಆ ದನಿ ನಮ್ಮಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಮುಗಿಯಿತು. ಪರವಾನಗಿ, ಸಿಬ್ಬಂದಿ, ದಿನನಿತ್ಯದ ಖರ್ಚು ಬೇರೆ.

ಫೋನಿನ ದಾರಿ ಇನ್ನೂ ಹತ್ತಿರದ್ದು. ಕಾಫಿ ಮಂಡಳಿಯು 2018ರಲ್ಲಿ 'ಕಾಫಿ ಕೃಷಿ ತರಂಗ'ವನ್ನು ಆರಂಭಿಸಿ, ಮೊದಲು ಚಿಕ್ಕಮಗಳೂರು, ಹಾಸನ ಜಿಲ್ಲೆಗಳ 30,000 ಬೆಳೆಗಾರರಲ್ಲಿ ಪ್ರಯೋಗ ಮಾಡಿತು. ಸಲಹೆ ದನಿಯಾಗಿ ಫೋನಿಗೆ ಬರುತ್ತಿತ್ತು; ಓದು ಬಾರದವರೂ, ಹಳೆಯ ಗುಂಡಿ ಫೋನಿನವರೂ ಕೇಳಬಹುದಿತ್ತು. ಬೆಳೆಗಾರನೂ ತನ್ನ ಪ್ರಶ್ನೆಯನ್ನು ಹೇಳಿ ಉತ್ತರ ಪಡೆಯುವ ಏರ್ಪಾಡಿದ್ದುದೇ ಇದರಲ್ಲಿ ನಮಗೆ ಹಿಡಿಸಿದ ಅಂಶ.

ನಮ್ಮ ಸಂಘದ ತಪ್ಪನ್ನೂ ಒಪ್ಪಿಕೊಳ್ಳೋಣ. ನಾವೂ ವಾಟ್ಸಾಪ್ ಗುಂಪು ಮಾಡಿದೆವು. ಶುಭೋದಯದ ಹೂವಿನ ಚಿತ್ರಗಳ ಕಾಟ ತಡೆಯಲಾರದೆ, ಕಾರ್ಯದರ್ಶಿಯೊಬ್ಬರೇ ಸಂದೇಶ ಹಾಕುವಂತೆ ಬೀಗ ಹಾಕಿಸಿದೆವು. ಚಿತ್ರಗಳು ನಿಂತವು, ಪ್ರಶ್ನೆಗಳೂ ನಿಂತವು. ಧಾರಣೆಯ ಪಟ್ಟಿ, ಸಭೆಯ ನೋಟೀಸು ತಪ್ಪದೆ ಹೋಗುತ್ತಿದ್ದರೂ ಮಹಾಸಭೆಗೆ ಬಂದವರು ಅದೇ ಹಳೆಯ ಮುಖಗಳು. ಎರಡು ಎಕರೆಯ ತೋಟದವರು ಹಿಂದಿನ ಬೆಂಚಿನಲ್ಲೂ ಕಾಣಲಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬ ಸದಸ್ಯರು ತೂಕದ ಕಟ್ಟೆಯ ಬಳಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಕೊಳೆರೋಗಕ್ಕೆ ಬೋರ್ಡೋ ಮೊದಲ ಸಲ ಹೊಡೆದ ಮೇಲೆ 40-45 ದಿನಕ್ಕೆ ಇನ್ನೊಂದು ಸಲ ಎಂದು ಹಾಕಿದ್ದೀರಿ. ಸರಿ ಮಾರಾಯ್ರೆ, ಆ ದಿನ ಬಂದಾಗ ಮಳೆ ಬಿಡದಿದ್ದರೆ, ಕೊನೆಗೌಡ ಸಿಗದಿದ್ದರೆ?" ನಮ್ಮ ಸಂದೇಶದಲ್ಲಿ ಅದಕ್ಕೆ ಉತ್ತರವಿರಲಿಲ್ಲ, ಅವರಿಗೆ ಕೇಳಲು ಜಾಗವೂ ಇರಲಿಲ್ಲ. ಹಿಪ್ಪರಗಿಯ ಅಂಕಿಯಂತೆಯೇ ಇದೂ. ಅವರ ಪಕ್ಕದ ತೋಟದವರು ಎರಡು ದಿನದ ಬಿಸಿಲು ಸಿಕ್ಕಿದಾಗ ಹೇಗೆ ಹೊಂದಿಸಿಕೊಂಡರು ಎಂಬುದೇ ಅವರಿಗೆ ಬೇಕಾಗಿದ್ದ ಸಲಹೆ.

ಆದುದರಿಂದ ಹೀಗೆ ಮಾಡಿ ನೋಡೋಣವೆಂದಿದ್ದೇವೆ. ವಾರದಲ್ಲಿ ಒಂದು ದಿನ ಗುಂಪಿನ ಬೀಗ ತೆಗೆಯುವುದು. ಅಂದು ಪ್ರಶ್ನೆ ಮಾತ್ರ. ಹೂವು, ದೇವರು, ರಾಜಕೀಯ ಬೇಡ. ಉತ್ತರವನ್ನು ಅನುಭವಸ್ಥ ಬೆಳೆಗಾರರ ದನಿಯಲ್ಲೇ, ಮೂರು ನಿಮಿಷ ಮೀರದಂತೆ ಮುದ್ರಿಸಿ, ದಿನಾಂಕವನ್ನು ಮೊದಲಿಗೇ ಹೇಳಿ ಕಳುಹಿಸುವುದು. ಔಷಧಿಯ ಪ್ರಮಾಣದ ಮಾತು ಬಂದರೆ ತಜ್ಞರಿಗೆ ತೋರಿಸದೆ ಬಿಡುವಂತಿಲ್ಲ. ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕಾದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ; ಅವರಿಗಾಗಿ ಅದೇ ಮಾತನ್ನು ತೂಕದ ದಿನ ಸಂಘದ ಕಟ್ಟೆಯಲ್ಲಿ ಸಣ್ಣ ಸ್ಪೀಕರಿನಿಂದ ಕೇಳಿಸಬಹುದು. ಮನೆಯ ಹೆಂಗಸರ ನಂಬರುಗಳನ್ನೂ ಗುಂಪಿಗೆ ಸೇರಿಸಬೇಕು. ಅಂಗಳದಲ್ಲಿ ಅಡಿಕೆ ಹರವಿ ಮಳೆಗೆ ಓಡುವವರು ಅವರೇ, ಗುಂಪಿನಲ್ಲಿ ಇರುವುದು ಮಾತ್ರ ಯಜಮಾನರ ಹೆಸರು.

ಮೊದಲ ಪ್ರಶ್ನೆಗಳನ್ನು ಈಗಿನಿಂದಲೇ ಕಳುಹಿಸಬಹುದು. ಬರೆಯಬೇಕೆಂದಿಲ್ಲ, ಮಾತಿನಲ್ಲಿ ಹೇಳಿದರೆ ಸಾಕು. ಹೆಸರು ಹೇಳಲು ಸಂಕೋಚವಿದ್ದರೆ ಊರಿನ ಹೆಸರಷ್ಟೇ ಹೇಳಿ.