ಶುಗರ್ ಮಾತ್ರೆಯೂ ಉಪ್ಪುನೀರಿನ ಲೆಕ್ಕವೂ

1997ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ತನ್ನಲ್ಲೇ ಹುಟ್ಟಿದ ಬಾಲಾಗ್ಲಿಟಜೋನ್ ಎಂಬ ಮಧುಮೇಹದ ಔಷಧಿಯ ಪರವಾನಗಿಯನ್ನು ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್‌ಗೆ ಕೊಟ್ಟಿತು. ಬೇರೆಯವರು ಕಂಡುಹಿಡಿದದ್ದನ್ನು ಅಗ್ಗವಾಗಿ ತಯಾರಿಸುವುದಕ್ಕೇ ಹೆಸರಾಗಿದ್ದ ನಮ್ಮ ಉದ್ಯಮಕ್ಕೆ ಅದು ದೊಡ್ಡ ಸುದ್ದಿ. ಆ ಮಾತ್ರೆ ಕೊನೆಗೂ ಮೆಡಿಕಲ್ ಶಾಪಿಗೆ ಬರಲಿಲ್ಲ. ಬಂದದ್ದು ಅದರ ದಾಯಾದಿಗಳಾದ ರೋಸಿಗ್ಲಿಟಜೋನ್, ಪಿಯೋಗ್ಲಿಟಜೋನ್.

ಈ ಕುಲದ ಮಾತ್ರೆಗಳು ಜೀವಕೋಶಗಳು ಇನ್ಸುಲಿನ್ನಿನ ಮಾತು ಕೇಳುವಂತೆ ಮಾಡುತ್ತವೆ. ಶುಗರ್ ಇಳಿಯುತ್ತದೆ. ಜೊತೆಗೇ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ಕಾಲು ಊದಿ, ತೂಕ ಏರಿ, ಮೊದಲೇ ದಣಿದ ಹೃದಯಕ್ಕೆ ಹೊರೆ ಹೆಚ್ಚುತ್ತದೆ. ಸೋಜಿಗವೆಂದರೆ ಬಿಪಿ ಏರುವುದಿಲ್ಲ, ತುಸು ಇಳಿಯುವುದೂ ಉಂಟು. ಹಾಗಾಗಿ ಬಿಪಿ ಚೆನ್ನಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಪಾದ ಒತ್ತಿ ನೋಡಬೇಕು. ಹೃದಯಾಘಾತದ ಅನುಮಾನ 2007ರಲ್ಲಿ ಎದ್ದ ಮೇಲೆ ರೋಸಿಗ್ಲಿಟಜೋನ್ ಭಾರತದಲ್ಲಿ 2010ರಲ್ಲಿ ನಿಷೇಧವಾಯಿತು. ಪಿಯೋಗ್ಲಿಟಜೋನ್ ಈಗಲೂ ಉಂಟು, ಆದರೆ ಹೃದಯ ವೈಫಲ್ಯ ಇದ್ದವರಿಗೆ ಸಲ್ಲದು.

ರೋಸಿಗ್ಲಿಟಜೋನ್ ಕುರಿತ 2007ರ ಆ ಗದ್ದಲದ ನಂತರ, 2008ರಲ್ಲಿ, ಹೊಸ ಮಧುಮೇಹದ ಔಷಧಿಗಳು ಹೃದಯಕ್ಕೆ ಕೇಡು ಮಾಡವೆಂದು ತೋರಿಸಿಕೊಡಬೇಕೆಂದು ಅಮೆರಿಕದ ಔಷಧ ನಿಯಂತ್ರಕರು ಪಟ್ಟು ಹಿಡಿದರು. ಕೇಡಿಲ್ಲವೆಂದು ತೋರಿಸಲು ಹೊರಟವರಿಗೆ ಲಾಭವೇ ಸಿಕ್ಕಿತು: 2015ರ ಅಧ್ಯಯನವೊಂದರಲ್ಲಿ, ಹೃದ್ರೋಗವಿದ್ದ ಮಧುಮೇಹಿಗಳು ಎಂಪಾಗ್ಲಿಫ್ಲೋಜಿನ್ ಸೇವಿಸಿದಾಗ ಹೃದಯ, ರಕ್ತನಾಳಗಳ ಕಾರಣದ ಸಾವು ಶೇ. 38ರಷ್ಟು ಕಡಿಮೆಯಾಯಿತು.

ಎಂಪಾಗ್ಲಿಫ್ಲೋಜಿನ್ ಸೇರಿದ ಗ್ಲಿಫ್ಲೋಜಿನ್ ಕುಲದ ದಾರಿ ಗ್ಲಿಟಜೋನ್‌ಗಳದಕ್ಕೆ ತದ್ವಿರುದ್ಧ. ಮೂತ್ರಪಿಂಡ ಮರಳಿ ಹೀರಿಕೊಳ್ಳಬೇಕಾದ ಸಕ್ಕರೆಯನ್ನು ಅವು ಮೂತ್ರಕ್ಕೇ ಬಿಡುತ್ತವೆ; ಅದರ ಬೆನ್ನಿಗೇ ಉಪ್ಪು, ನೀರು ಹೊರಡುತ್ತವೆ. ಮೇಲಿನ ಬಿಪಿ ಸುಮಾರು 3ರಿಂದ 5 ಅಂಕ ಇಳಿಯುತ್ತದೆ. 2025ರ ಮಾರ್ಚಿನಲ್ಲಿ ಭಾರತದಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆಯೂ ಕುಸಿಯಿತು.

ಆದರೆ ಹೈದರಾಬಾದಿನ ಮೇ ತಿಂಗಳ ಬಿಸಿಲಿನಲ್ಲಿ ಬೆವರೂ ಹರಿದು, ಗ್ಲಿಫ್ಲೋಜಿನ್ ಜೊತೆ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೂ ಸೇರಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟಬಹುದು. ರಂಜಾನ್ ಉಪವಾಸದವರು ಮೊದಲೇ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು. ವಾಂತಿ, ಭೇದಿ ಆದಾಗಲಂತೂ ಗ್ಲಿಫ್ಲೋಜಿನ್ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುವುದು ವಾಡಿಕೆ. ತಲೆ ಸುತ್ತುತ್ತಿದ್ದರೆ ಕುಳಿತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿ ಬರೆದಿಟ್ಟುಕೊಳ್ಳಿ. ಆ ಚೀಟಿ ನೋಡಿದ ವೈದ್ಯರು ಎಷ್ಟೋ ಸಲ ಕಡಿಮೆ ಮಾಡುವುದು ಶುಗರ್ ಮಾತ್ರೆಯನ್ನಲ್ಲ, ಬಿಪಿ ಮಾತ್ರೆಯನ್ನು.