ರೋಗದಾಖಲೆಯ ಮಾದರಿಗಳಲ್ಲಿ ಸಾಮಾನ್ಯ ಮತ್ತು ವಿಶೇಷ

ರೋಗಿಯ ವೃತ್ತಾಂತವನ್ನು ಗಣಕಯಂತ್ರದಲ್ಲಿ ಕಾಪಿಡುವ ಪದ್ಧತಿಗಳಲ್ಲಿ ಓಪನ್ ಇಎಚ್‌ಆರ್ ಎಂಬುದು ವಿಚಾರಾರ್ಹವಾದುದು. ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು 2016ರಲ್ಲಿ ಪ್ರಕಟಿಸಿದ ಮಾನಕಗಳಲ್ಲಿಯೂ ಅದಕ್ಕೆ ಸ್ಥಾನ ದೊರೆತಿದೆ. ರಕ್ತದೊತ್ತಡದ ದಾಖಲೆಯಲ್ಲಿ ಯಾವ ಯಾವ ಅಂಶಗಳಿರಬೇಕೆಂಬುದನ್ನು ಈ ಪದ್ಧತಿಯು ತಂತ್ರಾಂಶದೊಳಗೆ ಹುದುಗಿಸದೆ ‘ಆರ್ಕಿಟೈಪ್’ ಎಂಬ ಪ್ರತ್ಯೇಕ ಮಾದರಿಯಲ್ಲಿ ನಿರೂಪಿಸುತ್ತದೆ.

ಸಾಮಾನ್ಯ ಮಾದರಿಯು ಎಲ್ಲ ಸಂದರ್ಭಗಳಿಗೂ ಸಾಲದು. ‘ಆರೋಗ್ಯ ಸಮಸ್ಯೆ’ ಎಂಬ ಮಾದರಿಯಲ್ಲಿ ರೋಗಿಯು ಹೇಳಿಕೊಂಡ ತಲೆನೋವೂ ಅಡಕವಾಗಬಹುದು; ವೈದ್ಯನು ನಿರ್ಧರಿಸಿದ ರೋಗನಿದಾನಕ್ಕಾದರೋ ಹೆಚ್ಚಿನ ಖಚಿತತೆ ಬೇಕು. ಆಗ ಮೊದಲಿನದನ್ನು ತಾಯಿಯಾಗಿಟ್ಟುಕೊಂಡು ವಿಶೇಷ ಮಾದರಿಯನ್ನು ರಚಿಸುತ್ತಾರೆ. ಇದಕ್ಕಿರುವ ನಿಯಮಗಳೆಲ್ಲ ಒಂದೇ ತತ್ತ್ವದಿಂದ ಹುಟ್ಟಿದವು: ವಿಶೇಷ ಮಾದರಿಗೆ ಒಪ್ಪುವ ದತ್ತಾಂಶವೆಲ್ಲವೂ ಸಾಮಾನ್ಯ ಮಾದರಿಗೂ ಒಪ್ಪಲೇಬೇಕು.

ವ್ಯಾಕರಣ ಬಲ್ಲವರಿಗೆ ಇದು ತುಸು ವಿಚಿತ್ರವಾಗಿ ತೋರೀತು. ಅಲ್ಲಿ ಅಪವಾದವು ಉತ್ಸರ್ಗವನ್ನು ಬಾಧಿಸುವುದೇ ಕ್ರಮ. ಇಲ್ಲಿಯೋ, ವಿಶೇಷಕ್ಕೆ ಸಾಮಾನ್ಯವನ್ನು ಸಂಕೋಚಗೊಳಿಸುವ ಅಧಿಕಾರವುಂಟೇ ಹೊರತು ಬಾಧಿಸುವ ಅಧಿಕಾರವಿಲ್ಲ. ಐಚ್ಛಿಕವಾದ ಅಂಶವನ್ನು ಕಡ್ಡಾಯಗೊಳಿಸಬಹುದು, ಇಲ್ಲವೆ ತೆಗೆದೇಹಾಕಬಹುದು; ಕಡ್ಡಾಯವಾದುದನ್ನು ಸಡಿಲಿಸುವಂತಿಲ್ಲ. ಸಂಖ್ಯೆಯ ವ್ಯಾಪ್ತಿಯನ್ನು ಕಿರಿದಾಗಿಸಬಹುದು. ಬರಿಯ ಪಠ್ಯವಿದ್ದೆಡೆ ಸಂಕೇತಸಹಿತ ಪಠ್ಯವನ್ನು ವಿಧಿಸಬಹುದು. ಅದೂ ಪಠ್ಯದ ಒಂದು ಬಗೆಯೇ ತಾನೆ.

ಸಂಕೋಚವೇ ನಿಯಮವಾದರೆ ಹೊಸ ಅಂಶಗಳನ್ನು ಸೇರಿಸಲು ಅನುಮತಿ ಹೇಗೆ ದೊರೆಯಿತು? ಸೂಕ್ಷ್ಮವಿರುವುದು ಇಲ್ಲಿಯೇ. ಅಂಶಗಳ ಸಮೂಹವೊಂದನ್ನು ಸಾಮಾನ್ಯ ಮಾದರಿಯು ತೆರೆದಿಟ್ಟಿದ್ದರೆ, ಅದು ಹೆಸರಿಸದಿರುವುದು ನಿಷಿದ್ಧವೆಂದು ಅರ್ಥವಲ್ಲ. ಮೌನವಿದ್ದ ಕಡೆ ಮಾತು ಸೇರಿದರೆ ವಿಸ್ತಾರವಾದಂತೆ ಕಂಡರೂ, ನಿಜವಾಗಿ ಅನಂತ ಸಾಧ್ಯತೆಗಳಲ್ಲಿ ಒಂದನ್ನು ಆರಿಸಿದಂತಾಯಿತು. ಸಮೂಹಕ್ಕೆ ಮಿತಿ ಹೇಳಿದ್ದಲ್ಲಿ ಮಾತ್ರ ಆ ಮಿತಿಯನ್ನು ಮೀರಕೂಡದು. ಅಂಶಗಳ ಗುರುತುಸಂಖ್ಯೆಗಳಲ್ಲಿಯೂ ಈ ವಂಶಾವಳಿ ಕಾಣುತ್ತದೆ: ತಾಯಿಯ 0004 ಪರಿಷ್ಕಾರಗೊಂಡರೆ 0004.1 ಆಗುತ್ತದೆ, ಮಗಳಲ್ಲೇ ಹುಟ್ಟಿದ ಅಂಶವು 0.1 ಎಂದು ಆರಂಭವಾಗುತ್ತದೆ.

ಇಷ್ಟು ಬಿಗಿ ಏತಕ್ಕೆಂಬುದು ದಾಖಲೆಗಳನ್ನು ಶೋಧಿಸುವಾಗ ತಿಳಿಯುತ್ತದೆ. ಸಾಮಾನ್ಯ ಮಾದರಿಯ ಹೆಸರು ಹಿಡಿದು ಕೇಳಿದ ಪ್ರಶ್ನೆಗೆ ಅದರ ಸಂತತಿಯ ದಾಖಲೆಗಳೂ ಉತ್ತರಿಸಬೇಕು. ರಕ್ತದೊತ್ತಡದ ಮಾದರಿಯಲ್ಲಿ ಅನುಮತಿಯಿರುವುದು ಪಾದರಸದ ಮಿಲಿಮೀಟರಿಗೆ ಮಾತ್ರ. ಬಸುರಿಯರ ತಪಾಸಣೆಗೆಂದು ರಚಿಸಿದ ವಿಶೇಷ ಮಾದರಿಯೊಂದು ಕಿಲೋಪಾಸ್ಕಲ್‌ಗೂ ಎಡೆಗೊಟ್ಟಿತೆಂದಿಟ್ಟುಕೊಳ್ಳೋಣ. 180 ಮಿಲಿಮೀಟರ್ ಒತ್ತಡವು ಅಲ್ಲಿ 24 ಎಂದು ದಾಖಲಾಗುತ್ತದೆ. ತಾಯಿಮಾದರಿಯನ್ನು ನಂಬಿ 140ನ್ನು ಮೀರಿದವರನ್ನು ಹುಡುಕುವ ಪ್ರಶ್ನೆಗೆ ಆ ಬಸುರಿಯ ಹೆಸರು ಸಿಕ್ಕುವುದೇ ಇಲ್ಲ. ಯಂತ್ರವು ತಪ್ಪನ್ನೂ ಸೂಚಿಸದು. ಕಿಲೋಪಾಸ್ಕಲ್ ನಿಜವಾಗಿಯೂ ಅವಶ್ಯವಿದ್ದಲ್ಲಿ ತಾಯಿಮಾದರಿಯನ್ನೇ ಪರಿಷ್ಕರಿಸಿ ಹೊಸ ಆವೃತ್ತಿಯಾಗಿ ಹೊರಡಿಸಬೇಕು. ಹಾಗೆ ಮಾಡಿದಾಗ ಹಳೆಯ ಪ್ರಶ್ನೆಗಳನ್ನೂ ತಿದ್ದಬೇಕೆಂಬುದು ಎಲ್ಲರಿಗೂ ಗೊತ್ತಾಗುತ್ತದೆ.